ಫುಮಿಯವರ ಹೆಜ್ಜೆಗಳು

"ಗಂಡ ಹೆಂಡತಿ ಇಬ್ಬರಿಗೂ ಸೇರಿ ಎರಡೇ ಕಾಲು ಇದ್ದಂಗಿದೆಯಲ್ಲಮ್ಮಾ ನೊತ್ಸು!" ನನ್ನ ಹೆಜ್ಜೆಲೆಕ್ಕದ ಪಟ್ಟಿಯಲ್ಲಿ ಒಂದು ಜೋಡಿಯ ಅಂಕಿ ನೋಡಿ ನನ್ನ ಮಾರ್ಗದರ್ಶಕ ಪ್ರೊಫೆಸರ್ ಹಾನೆದಾ ನಕ್ಕಿದ್ದರು. ನಾನೂ ನಕ್ಕಿದ್ದೆ. ನೆನೆದರೆ ಈಗಲೂ ಮೈ ಉರಿಯುತ್ತದೆ, ಅವರ ಮೇಲಲ್ಲ, ನನ್ನ ಮೇಲೆ.

ವಯಸ್ಸಾದವರು ದಿನಾ ನಡೆಯುವಂತೆ ಮಾಡುವುದು ಹೇಗೆ ಎಂಬುದು ನನ್ನ ಸಂಶೋಧನೆ. ಶಿಂಜಿ ಸರೋವರದ ದಡದ ನಮ್ಮ ನಗರದಲ್ಲಿ ಎಪ್ಪತ್ತು ದಾಟಿದ ಅರವತ್ತು ಜನರ ಸೊಂಟಕ್ಕೆ ಹೆಜ್ಜೆ ಎಣಿಸುವ ಪುಟ್ಟ ಯಂತ್ರ ಸಿಕ್ಕಿಸಿದ್ದೆ. ತಿಂಗಳಿಗೊಮ್ಮೆ ಅದನ್ನು ಸಮುದಾಯ ಭವನಕ್ಕೆ ತರುತ್ತಿದ್ದರು. ನಾನು ಅಂಕಿ ಬರೆದುಕೊಂಡು ಎಲ್ಲರಿಗೂ ಒಂದೊಂದು ಅಂಚೆ ಕಾರ್ಡು ಹಾಕುತ್ತಿದ್ದೆ. ಅರ್ಧ ಜನಕ್ಕೆ ಬರೀ ಅಂಕಿ. ಉಳಿದರ್ಧಕ್ಕೆ ಅಂಕಿಯ ಕೆಳಗೆ ನನ್ನ ಕೈಬರಹದ ಎರಡು ಸಾಲು. ಆ ಎರಡು ಸಾಲು ಜನರನ್ನು ನಡೆಸುತ್ತದೆ ಎಂದು ತೋರಿಸಿಬಿಟ್ಟರೆ ನನ್ನ ಕೆಲಸ ಖಾಯಂ.

ಕಾದೊವಾಕಿ ಫುಮಿಯವರು ಸೆಪ್ಟೆಂಬರಿನಲ್ಲಿ ದಿನಕ್ಕೆ ಎಂಟುನೂರು ಹೆಜ್ಜೆಗೆ ಇಳಿದಿದ್ದರು. "ಸ್ವಲ್ಪ ಕಡಿಮೆಯಾಗಿದೆ, ಇನ್ನೊಂದಿಷ್ಟು ನಡೆಯಿರಿ, ನಾನು ಕಾಯುತ್ತಿರುತ್ತೇನೆ" ಎಂದು ಬರೆದೆ. ಅಕ್ಟೋಬರಿನಲ್ಲಿ ಆರು ಸಾವಿರ! ಗಂಡ ಸೇಜಿಯವರದೂ ಹೆಚ್ಚುಕಮ್ಮಿ ಅಷ್ಟೇ. ಆಗಿನಿಂದ ಎರಡೂ ಯಂತ್ರಗಳನ್ನು ಸೇಜಿಯವರೇ ತರುತ್ತಿದ್ದರು. "ಅವಳಿಗೆ ಮನೇಲಿ ಕೆಲಸ" ಎನ್ನುತ್ತಿದ್ದರು. ನನಗೆ ಅಂಕಿ ಸಿಕ್ಕಿತ್ತು, ಇನ್ನೇನು ಕೇಳುವುದು? ಹಿಮ ಬಿದ್ದ ಜನವರಿಯಲ್ಲೂ ಇಬ್ಬರೂ ಇಳಿಯಲಿಲ್ಲ. ನನ್ನ ಪ್ರಬಂಧದ ಮೊದಲ ಉದಾಹರಣೆಯೇ ಫುಮಿಯವರಾದರು.

ಮಾರ್ಚಿನಲ್ಲಿ ಒಂದು ಪ್ರಶಂಸಾಪತ್ರ ಮಾಡಿಸಿಕೊಂಡು ಅವರ ಮನೆಗೆ ಹೋದೆ. ಬಾಗಿಲು ತೆಗೆದವರು ಸೇಜಿ. ಸೊಂಟದ ಎಡಕ್ಕೊಂದು, ಬಲಕ್ಕೊಂದು ಯಂತ್ರ.

ನನ್ನ ಕಣ್ಣು ಅಲ್ಲೇ ನಿಂತದ್ದು ಅವರಿಗೆ ಗೊತ್ತಾಯಿತು. ಎಡಗಡೆಯದನ್ನು ಅಂಗೈಯಿಂದ ಮುಚ್ಚಿಕೊಂಡರು. "ಒಳಗೆ ಬನ್ನಿ ಮೇಷ್ಟ್ರಮ್ಮಾ" ಎಂದರು, ಬಹಳ ಮೆಲ್ಲಗೆ.

ಒಳಗೆ ಹಿರಿಯರ ಗೂಡಿನಲ್ಲಿ ಫುಮಿಯವರ ಫೋಟೋ, ಒಂದು ಪುಟ್ಟ ಬಟ್ಟಲು ಅನ್ನ, ಊದಿನಕಡ್ಡಿ. ಫೋಟೋದ ಮುಂದೆ ನನ್ನ ಕಾರ್ಡುಗಳನ್ನು ತಿಂಗಳ ಪ್ರಕಾರ ಜೋಡಿಸಿಟ್ಟಿದ್ದರು. ಮೊದಲು ಕಣ್ಣಿಗೆ ಬಿದ್ದದ್ದು ಜನವರಿಯದು: "ಹೊಸ ವರ್ಷದ ಶುಭಾಶಯ! ಈ ವರ್ಷ ಇನ್ನೂ ದೂರ ನಡೆಯೋಣ!" ಸೂತಕದ ಮನೆಗೆ ಯಾರೂ ಹೊಸ ವರ್ಷದ ಶುಭಾಶಯ ಕಳಿಸುವುದಿಲ್ಲ. ನಾನು ಕಳಿಸಿದ್ದೆ, ಅದೂ ತೀರಿಕೊಂಡವರ ಹೆಸರಿಗೇ.

"ಯಾವಾಗ?" ಎಂದೆ.

"ಡಿಸೆಂಬರ್ ಮೂರಕ್ಕೆ. ಅಕ್ಟೋಬರಿನಲ್ಲೇ ಆಸ್ಪತ್ರೆಗೆ ಸೇರಿಸಿದ್ದೆ. ನಿಮ್ಮ ಕಾರ್ಡ್ ಬಂತಲ್ಲ, ಅದನ್ನ ಎದೆ ಮೇಲಿಟ್ಕೊಂಡು, 'ರೀ, ಮೇಷ್ಟ್ರಮ್ಮ ಕೈಯಾರೆ ಬರ್ದಿದಾರೆ, ಕಾಯ್ತಿರ್ತೀನಿ ಅಂದಿದಾರೆ. ನಾನು ಮಲಗಿಬಿಟ್ರೆ ಅವರ ಓದು ಕೆಡುತ್ತೆ. ನನ್ನದೂ ನೀವೇ ಕಟ್ಕೊಂಡು ನಡೀರಿ' ಅಂದಳು. ಆಸ್ಪತ್ರೆಗೆ ಹೋಗಿ ಬಂದ್ರೆ ಸರಿಯಾಗಿ ಆರು ಸಾವಿರ. ದಿನಾ ಸಂಜೆ ಅವಳಿಗೆ ತೋರಿಸ್ತಿದ್ದೆ. 'ಇವತ್ತು ಚೆನ್ನಾಗಿ ನಡೆದಿದೀನಿ' ಅಂತ ನಗೋಳು."

"ಆಮೇಲೂ...?"

"ಆಮೇಲೂ ಅದೇ ದಾರಿ. ಆಸ್ಪತ್ರೆ ಗೇಟಿನ ತನಕ ಹೋಗಿ ವಾಪಸ್ ಬರ್ತೀನಿ. ಕಾಲಿಗೆ ಬೇರೆ ದಾರಿ ಗೊತ್ತಿಲ್ಲ ನೋಡಿ." ನಗಲು ನೋಡಿದರು, ಆಗಲಿಲ್ಲ. "ನಿಮಗೆ ತೊಂದರೆ ಆಯ್ತಾ ಮೇಷ್ಟ್ರಮ್ಮಾ?"

ನನಗೆ ಅಳು ಬಂತು. ತೊಂದರೆ ಕೊಟ್ಟವಳು ನಾನು; ಕ್ಷಮೆ ಕೇಳುವವರು ಅವರು. ಫುಮಿಯವರ ಅಂಕಿಗಳನ್ನು ತೆಗೆದುಹಾಕಲೇಬೇಕಾಗುತ್ತದೆ ಎಂದು ಹೇಗೋ ಹೇಳಿದೆ.

ಅವರು ಫೋಟೋದ ಮುಂದಿನ ಕಾರ್ಡುಗಳ ಅಂಚು ಸರಿಮಾಡಿದರು. "ತೆಗೀರಿ, ಅದು ನ್ಯಾಯ. ಆದ್ರೆ... ಈಗ ಅವಳ ಹೆಸರಿಗೆ ಬರೋ ಕಾಗದ ಅಂದ್ರೆ ನಿಮ್ಮದೊಂದೇ."

ಪ್ರಶಂಸಾಪತ್ರವನ್ನು ಚೀಲದಿಂದ ಹೊರಗೆ ತೆಗೆಯದೆ ಬಂದುಬಿಟ್ಟೆ.

ಮರುದಿನ ಕೈಬರಹದ ಕಾರ್ಡು ಹೋಗಿ ಹೆಜ್ಜೆ ಏರಿದವರಿಗೆಲ್ಲ ಫೋನ್ ಮಾಡಿದೆ. ಒಬ್ಬರು ಯಂತ್ರವನ್ನು ನಾಯಿಯ ಕೊರಳಿಗೆ ಕಟ್ಟಿದ್ದರು, ಇನ್ನೊಬ್ಬರು ಸೊಸೆಗೆ ಕೊಟ್ಟಿದ್ದರು. "ಅಷ್ಟು ಕಷ್ಟಪಟ್ಟು ಬರೀತೀರಿ, ನಿಮಗೆ ಬೇಜಾರಾಗಬಾರದಲ್ಲ" ಎಂದೇ ಎಲ್ಲರೂ ಹೇಳಿದರು. ನನ್ನ ಎರಡು ಸಾಲು ಯಾರನ್ನೂ ನಡೆಸಿರಲಿಲ್ಲ, ಬರೀ ಮುಲಾಜಿಗೆ ಸಿಕ್ಕಿಸಿತ್ತು. ಪ್ರಬಂಧ ಮುಳುಗಿತು, ಖಾಯಂ ಆಗುವ ಮಾತೂ ಮುಳುಗಿತು. ಹಾನೆದಾ ಈ ಸಲ ನಗಲಿಲ್ಲ.

ಆ ತಿಂಗಳು ಫುಮಿಯವರಿಗೆ ಒಂದು ಕಾರ್ಡು ಹಾಕಿದೆ. ಅದರಲ್ಲಿ ಅಂಕಿ ಇರಲಿಲ್ಲ. "ಫುಮಿಯವರೇ, ಬಹಳ ದೂರ ನಡೆದಿರಿ. ಸಾಕು, ಇನ್ನು ದಣಿವಾರಿಸಿಕೊಳ್ಳಿ. ನಾನು ಇನ್ನು ಕಾಯುವುದಿಲ್ಲ."

ವಾರದೊಳಗೆ ಅವರ ಯಂತ್ರ ಅಂಚೆಯಲ್ಲಿ ಬಂತು, ಒಗೆದು ಇಸ್ತ್ರಿ ಮಾಡಿದ ಹೆಂಗಸರ ಕರವಸ್ತ್ರದಲ್ಲಿ ಸುತ್ತಿ. ಜೊತೆಗೊಂದು ಚೀಟಿ: "ಅವಳಿಗೆ ಓದಿ ಹೇಳಿದೆ."

ಏಪ್ರಿಲ್ ಕೊನೆಗೆ ಸೇಜಿ ತಮ್ಮದೊಂದನ್ನೇ ಭವನಕ್ಕೆ ತಂದರು. ದಿನಕ್ಕೆ ಮುನ್ನೂರು ಹೆಜ್ಜೆ. ಅವರ ಕಾರ್ಡಿನಲ್ಲಿ ಅಂಕಿ ಬರೆದೆ. ಇನ್ನೊಂದಿಷ್ಟು ನಡೆಯಿರಿ ಎನ್ನದೆ, ಅದರ ಕೆಳಗಿನ ಎರಡು ಸಾಲಿನ ಜಾಗ ಖಾಲಿ ಬಿಟ್ಟೆ.