ಎಡಗೈ ಗಂಟು

ಚಿತ್ರದುರ್ಗದ ಹಳೇ ಪೇಟೆಯಲ್ಲಿ ಮುರುಗಪ್ಪನ ಹೂವಿನ ಅಂಗಡಿಗೆ ಒಂದು ಪರದೆ ಇತ್ತು. ಹೂವೇನು ಮುಚ್ಚಿಟ್ಟು ಮಾರುವ ಸರಕೇ? ಅಲ್ಲ. ಪರದೆ ಕಟ್ಟಿದ್ದು ಹೂವಿಗಲ್ಲ, ಮುರುಗಪ್ಪನ ಮಗ ದುರ್ಗೇಶನಿಗೆ. ಅವನು ಅದರ ಹಿಂದೆ ಚಾಪೆ ಹಾಸಿಕೊಂಡು ಬೆಳಗಿನಿಂದ ಸಂಜೆವರೆಗೆ ಹಾರ ಕಟ್ಟುತ್ತಿದ್ದ. ಮುಂದೆ ಮುರುಗಪ್ಪ ಒಂದೆಳೆ ಬಾಳೆನಾರು ಹಿಡಿದುಕೊಂಡು, ಎಲ್ಲವನ್ನೂ ತಾನೇ ಕಟ್ಟುವವನ ಹಾಗೆ ಗಂಭೀರವಾಗಿ ಕೂತಿರುತ್ತಿದ್ದ.

ದುರ್ಗೇಶ ಎಡಚ. ತಪ್ಪು ಅಂದರೆ ಅಷ್ಟೇ. ಬಲಗೈಯಲ್ಲಿ ಹೂವು ಹಿಡಿದು ಎಡಗೈಯಲ್ಲಿ ನಾರು ಸುತ್ತಿ ಗಂಟು ಬಿಗಿಯುತ್ತಿದ್ದ. ಎಡಗೈಯಲ್ಲಿ ಕಟ್ಟಿದ ಹಾರ ಎಂದು ಗೊತ್ತಾದರೆ ದೇವಸ್ಥಾನದವರು ಬರುವುದಿಲ್ಲ, ಮದುವೆಯವರಂತೂ ಅಂಗಡಿಯ ಮೆಟ್ಟಿಲೇ ಹತ್ತುವುದಿಲ್ಲ ಎಂದು ಅವನ ತಾಯಿ ಏಕಾಂತಮ್ಮನ ಲೆಕ್ಕ. ಪರದೆ ಹೊಲಿದವಳೂ ಅವಳೇ. ನಾರನ್ನು ನೀರಿನಲ್ಲಿ ನೆನೆಸಿ ತಂದು ಮಗನ ಬಲಗಡೆಗೇ ಇಡುತ್ತಿದ್ದಳು. ಅವಳು ಆಚೆ ಹೋದ ಮೇಲೆ ಅವನು ಅದನ್ನು ಎಡಕ್ಕೆ ಎಳೆದುಕೊಳ್ಳುತ್ತಿದ್ದ.

ಆ ಕೈಯನ್ನು ತಿದ್ದಲು ಅವಳು ಕಡಿಮೆ ಪಾಡು ಪಡಲಿಲ್ಲ. ಮಗು ಉಣ್ಣಲು ಕೂತರೆ ಹಳೇ ಸೀರೆಯ ಅಂಚಿನಿಂದ ಎಡಗೈಯನ್ನು ಮಂಚದ ಕಾಲಿಗೆ ಕಟ್ಟುತ್ತಿದ್ದಳು. ಒಮ್ಮೆ ಪ್ರಸಾದಕ್ಕೆ ಎಡಗೈ ಚಾಚಿದ್ದಕ್ಕೆ ಸೌಟು ಕಾಸಿ ಬರೆ ಹಾಕಿದಳು. ಮಣಿಕಟ್ಟಿನ ಮೇಲೆ ಆ ಗುರುತು ಇನ್ನೂ ಇದೆ. ಹಾಕಿದ ಮೇಲೆ ಅವಳೂ ಊಟ ಬಿಟ್ಟು ಅತ್ತಳು. "ನಿನ್ನ ಅಜ್ಜಿ ಈ ಕೈ ನೋಡಿ ನನ್ನ ಹೊಟ್ಟೆಗೆ ಬೈತಿದ್ಲು ಕಣೋ. ಎಂಥದ್ದನ್ನ ಹೆತ್ತೀಯೇ ಅಂತಿದ್ಲು" ಎಂದು ಅವಳೇ ಹೇಳಿಕೊಂಡದ್ದುಂಟು. ಬೈಸಿಕೊಂಡವಳು ಬೈಗುಳವನ್ನು ಅಲ್ಲಿಗೇ ನಿಲ್ಲಿಸಬಹುದಿತ್ತು. ನಮ್ಮ ಮನೆಗಳಲ್ಲಿ ಅದು ಹಾಗೆ ನಿಲ್ಲುವುದಿಲ್ಲ, ಮಕ್ಕಳ ಮೇಲೆ ಇಳಿಯುತ್ತದೆ.

ಊಟ ಬಲಗೈಗೆ ಹೋಯಿತು, ಬರವಣಿಗೆ ವಕ್ರವಕ್ರವಾಗಿ ಬಲಗೈಗೆ ಹೋಯಿತು. ಹೂವು ಮಾತ್ರ ಹೋಗಲಿಲ್ಲ. ಅದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ, ನೋಡಿ ನೋಡಿ ಅವನ ಕೈಯೇ ಕಲಿತಿತ್ತು. ಆ ಕೈಯ ಹಾರಕ್ಕೆ ಹಿರಿಯೂರು ಕಡೆಯಿಂದಲೂ ಜನ ಬರುತ್ತಿದ್ದರು. ಬಬ್ಬೂರಿನ ಕೆಂಚಣ್ಣ ಮಗಳ ಮದುವೆ ಮುಗಿಸಿ, ಬೇಕೆಂದೇ ಅಂಗಡಿಗೆ ಬಂದು ಮುರುಗಪ್ಪನಿಗೆ ಹೇಳಿದ್ದ: "ಮಾರನೇ ದಿನಾನೂ ಒಂದು ಎಸಳು ಉದುರಿರ್ಲಿಲ್ಲ ಕಣಪ್ಪ. ನಿನ್ನ ಕೈ ಬಂಗಾರದ್ದು." ಮುರುಗಪ್ಪ ನಕ್ಕು ಕೈಮುಗಿದ. ಪರದೆಯ ಹಿಂದೆ ದುರ್ಗೇಶ ತನ್ನ ಹೊಗಳಿಕೆಯನ್ನು ಅಪ್ಪನ ಹೆಸರಿನಲ್ಲಿ ಕೇಳಿಸಿಕೊಂಡ.

ಹೊಳಲ್ಕೆರೆಯ ಯಮುನಾಳ ಜೊತೆ ಮದುವೆ ಗೊತ್ತಾಯಿತು. ಅವಳು ಅಲ್ಲಿಯ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಜೆರಾಕ್ಸ್ ಅಂಗಡಿ ನೋಡಿಕೊಳ್ಳುತ್ತಿದ್ದಳು. ಮಾತು ಕಡಿಮೆ, ಆಡಿದ್ದು ನೇರ. ದುರ್ಗೇಶ ಫೋನಿನಲ್ಲಿ ಹೆದರಿ ಹೆದರಿ ತನ್ನ ಕೈಯ ವಿಷಯ ಹೇಳಿದಾಗ, "ಅದಕ್ಕೇನೀಗ?" ಎಂದಿದ್ದಳು. ಆ ಎರಡು ಮಾತಿಗೆ ಅವನು ಇಡೀ ದಿನ ಖುಷಿಯಾಗಿದ್ದ.

ಏಕಾಂತಮ್ಮನಿಗೆ ಅದು ಅಷ್ಟು ಸುಲಭವಾಗಿರಲಿಲ್ಲ. ತಾಳಿಯ ಗಂಟನ್ನು ಎಡಗೈ ಬಿಗಿಯುವುದೆಂದರೇನು! ತಾಮ್ರದ ಬಿಂದಿಗೆ ತಂದು ಮಗನ ಮುಂದಿಟ್ಟು, ಅದರ ಕೊರಳಿಗೆ ಅರಿಶಿನದ ದಾರ ಕಟ್ಟಿಸಿ ಅಭ್ಯಾಸ ಮಾಡಿಸಿದಳು. ಎಡಗೈ ದಾರದ ತುದಿ ಹಿಡಿದುಕೊಂಡಿರಬೇಕು, ಸುತ್ತಿ ಬಿಗಿಯುವುದೆಲ್ಲ ಬಲಗೈ. ಎಷ್ಟು ಸಲ ಕಟ್ಟಿದರೂ ಬಿಂದಿಗೆ ಎತ್ತಿದ ಕೂಡಲೇ ದಾರ ಜಾರುತ್ತಿತ್ತು.

"ಅವ್ವ, ನನ್ನ ಕೈಯಾಗೇ ಕಟ್ಟಿಬಿಡ್ತೀನಿ. ಯಾರು ನೋಡ್ತಾರೆ?"

"ಊರೆಲ್ಲ ಅದನ್ನೇ ನೋಡಾಕೆ ಬಂದಿರ್ತಾರೆ. ಸುಮ್ನೆ ಕಟ್ಟು. ಆವತ್ತು ದೇವ್ರೇ ಬಿಗಿ ಮಾಡ್ತಾನೆ."

ಮಾಘ ಮಾಸದಲ್ಲಿ ಹೊಳಲ್ಕೆರೆಯ ಕಲ್ಯಾಣ ಮಂಟಪದಲ್ಲಿ ಮದುವೆ. ಪುರೋಹಿತರು ಗಟ್ಟಿಮೇಳ ಎಂದರು, ಓಲಗದವರು ಎತ್ತಿಕೊಂಡರು. ಅವಸರದಲ್ಲಿ ದುರ್ಗೇಶನ ಎಡಗೈ ತಾನಾಗಿಯೇ ಗಂಟಿಗೆ ಹೋಯಿತು. ಪಕ್ಕದಲ್ಲೇ ನಿಂತಿದ್ದ ಏಕಾಂತಮ್ಮ ರಟ್ಟೆ ಹಿಡಿದು ಚಿವುಟಿದಳು. ಕೈ ಹಿಂದೆ ಸರಿಯಿತು. ಬಲಗೈ ಹೇಗೋ ಮೂರು ಗಂಟು ಹಾಕಿತು. ಗಂಟು ಕೂತಿಲ್ಲವೆಂದು ಅವನ ಬೆರಳಿಗೆ ಆಗಲೇ ಗೊತ್ತಾಯಿತು. ಆದರೆ ತಲೆಯ ಮೇಲೆ ಅಕ್ಷತೆ ಬೀಳುತ್ತಿರುವಾಗ, ತಡೀರಿ, ಇನ್ನೊಮ್ಮೆ ಕಟ್ಟುತ್ತೇನೆ ಎನ್ನುವ ಧೈರ್ಯ ಯಾವ ಮದುಮಗನಿಗೆ ಇರುತ್ತದೆ?

ವಾರವೂ ಕಳೆದಿರಲಿಲ್ಲ. ಯಮುನಾ ತಲೆಗೆ ನೀರು ಹಾಕಿಕೊಳ್ಳುವಾಗ ದಾರ ಬಿಚ್ಚಿಕೊಂಡು ತಾಳಿ ಬಕೆಟ್ಟಿಗೆ ಬಿತ್ತು. ಅವಳು ಅದನ್ನು ಅಂಗೈಯಲ್ಲಿ ಹಿಡಿದು ಅಡುಗೆಮನೆಗೆ ಬಂದಳು. "ಅತ್ತೆ, ಗಂಟು ಬಿಚ್ಕೊಂಡೈತೆ. ಇನ್ನೊಂದ್ಸಲ ಕಟ್ಟಿಸಿಬಿಡ್ರಿ."

ಏಕಾಂತಮ್ಮ ಎದೆ ಬಡಿದುಕೊಂಡು ಅತ್ತ ಅಳುವಿಗೆ ಅಕ್ಕಪಕ್ಕದ ಮನೆಯವರೆಲ್ಲ ಓಡಿ ಬಂದರು. ಬಂದವರು ಸುಮ್ಮನೆ ಹೋಗುತ್ತಾರೆಯೇ? ಮಧ್ಯಾಹ್ನದ ಹೊತ್ತಿಗೆ ಬೀದಿಗೆಲ್ಲ ಗೊತ್ತಾಯಿತು. ಆ ವಾರವೇ ಮುರುಗಪ್ಪ ಟಿವಿಎಸ್ ಸಮೇತ ರಸ್ತೆಯ ಗುಂಡಿಗೆ ಬಿದ್ದು ಮೊಣಕಾಲು ಒಡೆದುಕೊಂಡ. ಗುಂಡಿ ಹಿಂದಿನ ಮಳೆಗಾಲದಿಂದಲೂ ಅಲ್ಲೇ ಇತ್ತು, ಮುರುಗಪ್ಪನೂ ಅದರಲ್ಲಿ ಬಿದ್ದದ್ದು ಅದೇ ಮೊದಲಲ್ಲ. ಆದರೆ ಈ ಸಲ ಬೀಳಿಸಿದ್ದು ಸೊಸೆಯ ಕಾಲ್ಗುಣ ಎಂದು ತೀರ್ಮಾನವಾಯಿತು.

"ಗಂಟು ಬಲಗೈಯಾಗೇ ಹಾಕ್ಸಿದ್ವಿ. ನಮ್ಮ ಕಡೆಯಿಂದ ಒಂಚೂರು ಲೋಪ ಇಲ್ಲ. ಆದ್ರೂ ಬಿತ್ತು ಅಂದ್ರೆ ದೋಷ ಯಾರ್ದು? ಹುಡುಗೀದೇ" ಎಂದಳು ಏಕಾಂತಮ್ಮ.

ದುರ್ಗೇಶ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟುಹೋದ.

ಹೊಸದುರ್ಗದ ಕಡೆಯ ಶಾಸ್ತ್ರ ಹೇಳುವವರೊಬ್ಬರು ಪರಿಹಾರ ಕೊಟ್ಟರು. ವೈಶಾಖದವರೆಗೆ ಹುಡುಗಿ ತವರಿನಲ್ಲಿರಬೇಕು. ಅಲ್ಲಿಯವರೆಗೆ ಹುಡುಗ ಎಡಗೈಗೆ ಅರಿಶಿನದ ಬಟ್ಟೆ ಸುತ್ತಿಕೊಂಡಿರಬೇಕು, ಅದರಿಂದ ಏನನ್ನೂ ಮುಟ್ಟಕೂಡದು. ಆಮೇಲೆ ಹಾಲುರಾಮೇಶ್ವರದ ಗುಡಿಯಲ್ಲಿ, ಬಟ್ಟೆ ಸುತ್ತಿದ ಕೈ ಹಾಗೇ ಇರುವಾಗ, ಬಲಗೈಯಲ್ಲಿ ಮರಳಿ ತಾಳಿ ಕಟ್ಟಬೇಕು. ಆಗಲೂ ಗಂಟು ನಿಲ್ಲದಿದ್ದರೆ ಈ ಸಂಬಂಧ ಮನೆಗೆ ಆಗಿಬರುವುದಿಲ್ಲ. "ಹಂಗೇನಾದ್ರೂ ಆದ್ರೆ ಅವಳ ದಾರಿ ಅವಳಿಗೆ" ಎಂದು ಏಕಾಂತಮ್ಮ ಬೀಗರಿಗೂ ತಿಳಿಸಿಬಿಟ್ಟಳು. ಯಮುನಾ ಬ್ಯಾಗು ಹಿಡಿದು ಹೊಳಲ್ಕೆರೆ ಬಸ್ಸು ಹತ್ತಿದಳು. ಬಸ್ಸಿನವರೆಗೆ ಬಂದ ಗಂಡನ ಕೈಗೆ ಆಗಲೇ ಹಳದಿ ಬಟ್ಟೆ ಸುತ್ತಿತ್ತು.

ಮುಂದೆ ನಡೆದದ್ದು ನಗು ಬರಿಸುವಂಥದ್ದು, ನಗಲು ಮನಸ್ಸಾಗುವುದಿಲ್ಲ. ದುರ್ಗೇಶನ ಕೈ ಕಟ್ಟಿದ ಮೇಲೆ ಹಾರ ಕಟ್ಟುವವರು ಯಾರು? ಮುರುಗಪ್ಪನೇ ಕಟ್ಟಿದ. ಸೇವಂತಿಗೆಗಳು ಜೋತುಬಿದ್ದವು, ಮಲ್ಲಿಗೆ ದಾರಿಯಲ್ಲೇ ಉದುರಿತು. ಗುಡಿಯವರು ಮುಖ ಸಿಂಡರಿಸಿದರು. ಮುಂದೆ ಸಾಲುಸಾಲು ಮದುವೆಗಳು. ಏಕಾಂತಮ್ಮ ಒಂದು ದಿನವೆಲ್ಲ ಯೋಚಿಸಿ, ಮಾರನೇ ಬೆಳಗ್ಗೆ ಅಂಗಡಿಗೆ ಬಂದು ಪರದೆ ಎಳೆದು, ತಾನೇ ಮಗನ ಕೈಯ ಬಟ್ಟೆ ಬಿಚ್ಚಿದಳು.

"ಕಟ್ಟು ಮಗಾ."

"ವ್ರತ?"

"ದುಡಿಮೆಗೆ ದೋಷ ಇಲ್ಲ ಕಣೋ. ಸಂಜೆಗೆ ಸುತ್ತಿದ್ರಾತು."

ಹಾಗೆ ಹಗಲೆಲ್ಲ ಬಿಚ್ಚುವುದು, ಮನೆಗೆ ಹೊರಡುವಾಗ ಸುತ್ತುವುದು ನಡೆಯಿತು. ಎಷ್ಟೋ ದೇವರ ಕೊರಳಿಗೆ, ಎಷ್ಟೋ ಮದುಮಕ್ಕಳ ಕೊರಳಿಗೆ ಆ ಎಡಗೈಯ ಗಂಟುಗಳು ಹೋದವು.

ಇತ್ತ ಹೊಳಲ್ಕೆರೆಯಲ್ಲಿ ಯಮುನಾಳನ್ನು ಅರಿಶಿನ ಕುಂಕುಮಕ್ಕೆ ಕರೆಯುವುದನ್ನು ಬಿಟ್ಟರು. ಜೆರಾಕ್ಸ್ ಮಾಡಿಸಲು ಬಂದವರು ಅವಳ ಮುಖಕ್ಕಿಂತ ಮೊದಲು ಬರಿ ಕೊರಳು ನೋಡುತ್ತಿದ್ದರು. ಅವಳ ತಂಗಿಯನ್ನು ನೋಡಲು ಬರಬೇಕಾಗಿದ್ದವರು ಬರಲಿಲ್ಲ. "ಅಕ್ಕನ ತಾಳಿ ಬಿದ್ದೈತಂತೆ" ಎಂದು ಹೇಳಿ ಕಳಿಸಿದರು. ತಾಯಿ ಹೊನ್ನಕ್ಕ ಮಗಳೆದುರು ಅಳುವುದನ್ನೂ ಬಿಟ್ಟು, ಹಿತ್ತಲಿಗೆ ಹೋಗಿ ಅಳುತ್ತಿದ್ದಳು. ಹೆಣ್ಣೊಬ್ಬಳು ಏನೂ ಮಾಡದೆ ಅಪರಾಧಿಯಾಗುವುದು ನಮ್ಮಲ್ಲಿ ಎಷ್ಟು ಸಲೀಸು!

ದುರ್ಗೇಶ ಫೋನು ಮಾಡಿದಾಗ ಅಂಗಡಿಯಲ್ಲಿ ಬಟ್ಟೆ ಬಿಚ್ಚುವ ಸಂಗತಿ ಬಾಯಿಬಿಟ್ಟ.

"ಹಂಗಾದ್ರೆ ದೋಷಾನ ಚಪ್ಪಲಿ ಬಿಟ್ಟಂಗೆ ಅಂಗಡಿ ಬಾಗಿಲಾಗೆ ಬಿಟ್ಟು ಒಳಕ್ಕೆ ಹೋಗ್ತೀರಾ?"

ಅವನು ನಗಲು ನೋಡಿದ. ಅವಳು ನಗುತ್ತಿರಲಿಲ್ಲ.

"ಮದುವೆ ವಿಡಿಯೋ ನೋಡ್ತಾ ಇದ್ದೆ ರೀ. ಗಟ್ಟಿಮೇಳ ಬಾರ್ಸಿದ್ನಲ್ಲ, ಡೋಲಿನವನು, ಅವ್ನ ಕೋಲು ಯಾವ ಕೈಯಾಗಿತ್ತು ಗೊತ್ತಾ? ಎಡಗೈಯಾಗೆ. ಯಾವಾಗ್ಲೂ ಹಂಗೇ ಬಾರ್ಸೋದಂತೆ. ಅದಿಲ್ದೆ ಮುಹೂರ್ತನೇ ಇಲ್ಲ. ಆ ಕೈಗೆ ಯಾರೂ ಬಟ್ಟೆ ಸುತ್ತಲಿಲ್ಲ. ಅದೇ ವಿಡಿಯೋದಾಗೆ ಅತ್ತೆ ನಿಮ್ಮ ಕೈ ಚಿವುಟಿದ್ದೂ ಕಾಣ್ತೈತೆ."

"ನಂಗೆ ಆವತ್ತೇ ಗೊತ್ತಿತ್ತು, ಗಂಟು ಕೂತಿಲ್ಲ ಅಂತ."

"ಅದನ್ನ ನಿಮ್ಮವ್ವಗೆ ಹೇಳಿದ್ರಾ?"

ಇಷ್ಟು ಕೇಳಿ ಅವಳು ಫೋನಿಟ್ಟಳು. ಬರೆ ಹಾಕಿಸಿಕೊಂಡಾಗಲೂ ಅವನಿಗೆ ಅಷ್ಟು ಉರಿದಿರಲಿಲ್ಲ.

ವೈಶಾಖ ಬಂತು. ಎರಡೂ ಮನೆಯವರು ಹಾಲುರಾಮೇಶ್ವರದಲ್ಲಿ ಸೇರಿದರು. ದೇವರಿಗೆಂದು ಏಕಾಂತಮ್ಮ ದೊಡ್ಡದೊಂದು ಹಾರ ತಂದಿದ್ದಳು. ಹಿಂದಿನ ದಿನ ಮಗನ ಕೈಯಲ್ಲೇ, ಪರದೆಯ ಹಿಂದೆ ಕಟ್ಟಿಸಿದ್ದು. ಕನಕಾಂಬರದ ನಡುವೆ ಮರುಗ, ಒಂದು ಹೂವು ಇನ್ನೊಂದಕ್ಕಿಂತ ಹೆಚ್ಚುಕಡಿಮೆ ಇಲ್ಲ. ಪೂಜಾರಿ ಅದನ್ನು ದೇವರಿಗೆ ಏರಿಸಿ ಹಿಂದೆ ಸರಿದು ನೋಡಿದರು.

"ಎಷ್ಟು ಲಕ್ಷಣವಾಗೈತಮ್ಮ! ಯಾರು ಕಟ್ಟಿದ್ದು?"

"ನನ್ನ ಮಗನೇ ಸ್ವಾಮಿ" ಎಂದಳು ಏಕಾಂತಮ್ಮ, ಹೆಮ್ಮೆ ತಡೆಯಲಾರದೆ. ಹೇಳಿದವಳೇ ಮಗನ ಎಡಗೈಯ ಬಟ್ಟೆಯನ್ನು ಇನ್ನೊಂದು ಸುತ್ತು ಬಿಗಿದು ಗಂಟು ಹಾಕಿದಳು. "ಹೂಂ, ಕಟ್ಟು. ಬಲಗೈಯಾಗೆ."

ಯಮುನಾ ಕೊರಳು ಬಾಗಿಸಲಿಲ್ಲ.

"ಅತ್ತೆ, ಆ ಹಾರ ಯಾವ ಕೈಯಾಗೆ ಕಟ್ಟಿದ್ದು?"

ಏಕಾಂತಮ್ಮ ಪೂಜಾರಿಯ ಕಡೆ ನೋಡಿದಳು.

"ದೇವ್ರ ಕೊರಳಿಗೆ ಆಗೋ ಕೈ ನನ್ನ ಕೊರಳಿಗೆ ಯಾಕಾಗಲ್ಲ? ಮೊದ್ಲು ಆ ಬಟ್ಟೆ ಬಿಚ್ಚಿಸ್ರಿ. ಇಲ್ಲಾಂದ್ರೆ ನನಗೆ ಈ ತಾಳಿ ಬ್ಯಾಡ. ಈಗ್ಲೇ ಬಸ್ಸು ಹತ್ತಿ ಹೋಗ್ತೀನಿ."

"ಯಮುನಾ!" ಎಂದಳು ಹೊನ್ನಕ್ಕ, ಗಾಬರಿಯಿಂದ.

"ಸುಮ್ಕಿರವ್ವ. ಒಂದ್ಸಲ ಬೀಳೋ ಗಂಟು ಕಟ್ಟಿಸ್ಕೊಂಡು ಊರೆಲ್ಲ ಅನ್ನಿಸ್ಕೊಂಡಿದ್ದು ಸಾಕು."

"ಹಿಂದಿನಿಂದ ಬಂದಿದ್ದನ್ನ ನೀನು ಬದಲು ಮಾಡ್ತಿಯೇನೇ? ಎಡಗೈ ಎಡಗೈಯೇ. ನನ್ನ ಮಗನಿಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?" ಏಕಾಂತಮ್ಮ ಮಗನ ರಟ್ಟೆ ಹಿಡಿದು ತನ್ನ ಹತ್ತಿರ ಎಳೆದುಕೊಂಡಳು. ಅವಳ ಭಯ ಸುಳ್ಳಾಗಿರಲಿಲ್ಲ. ಭಯಪಟ್ಟದ್ದು ಮಾತ್ರ ಸುಳ್ಳಿಗೆ.

ದುರ್ಗೇಶ ಬಟ್ಟೆ ಸುತ್ತಿದ ಕೈಯನ್ನು ತಾಯಿಯ ಮುಂದೆ ಚಾಚಿದ. "ಅವ್ವ, ಬಿಚ್ಚು."

ಅವಳು ಕೈ ಕಟ್ಟಿಕೊಂಡು ನಿಂತಳು.

"ದೋಷ ಅವಳದ್ದಲ್ಲ. ಗಂಟಿಂದು. ಆ ಗಂಟು ಹಾಕಿದ್ದು ನಾನು. ನೀನು ಚಿವುಟಿದೆ ಅಂತ ಹೆದರಿ ಬಲಗೈಯಾಗೆ ಹಾಕಿದ್ದು. ಜಾರ್ತೈತೆ ಅಂತ ಆವಾಗ್ಲೇ ಗೊತ್ತಿತ್ತು. ಇಷ್ಟು ದಿನ ಬಾಯಿ ಮುಚ್ಕೊಂಡು ಇವಳ ಮೇಲೆ ಬರಾಕೆ ಬಿಟ್ಟೆ. ಇನ್ನು ಬಿಡಾಕಿಲ್ಲ."

ಹೇಳಿ, ಮಣಿಕಟ್ಟನ್ನು ಬಾಯಿಗೆ ತಂದು ಹಲ್ಲಿನಿಂದ ಗಂಟು ಕಚ್ಚಿ ಎಳೆದ. ಹಳದಿ ಬಟ್ಟೆ ಕೆಳಗೆ ಬಿತ್ತು. ಹಳೆಯ ಬರೆ ಎಲ್ಲರಿಗೂ ಕಂಡಿತು. ಹೊನ್ನಕ್ಕ ಅದನ್ನು ನೋಡಿ, "ಇದೇನಪ್ಪ ಇದು?" ಎಂದು ಕೇಳಿದಳು. ಏಕಾಂತಮ್ಮ ನೆಲ ನೋಡಿದಳು.

ಯಮುನಾ ಕೊರಳು ಬಾಗಿಸಿದಳು. ದುರ್ಗೇಶ ಬಲಗೈಯಲ್ಲಿ ದಾರ ಹಿಡಿದು ಎಡಗೈಯಲ್ಲಿ ಸುತ್ತಿ, ದಿನವೂ ಮಾಡುವ ಕೆಲಸ ಮಾಡಿದ ಹಾಗೆ, ಮೂರು ಗಂಟು ಬಿಗಿದ. ನೋಡನೋಡುತ್ತ ಮುಗಿದುಹೋಯಿತು. ಪೂಜಾರಿ ಮಂಗಳಾರತಿ ತಂದರು. ಅವರಿಗಾಗಿ ಬೇರೆ ಭಕ್ತರೂ ಕಾಯುತ್ತಿದ್ದರು.

ಏಕಾಂತಮ್ಮ ಮೆಲ್ಲಗೆ ಸೊಸೆಯ ಹಿಂದೆ ಬಂದು ದಾರಕ್ಕೆ ಬೆರಳು ಹಾಕಿ ಎಳೆದು ನೋಡಿದಳು. ಇನ್ನೊಮ್ಮೆ, ಜೋರಾಗಿ ಎಳೆದಳು.

"ಮೆತ್ತಗೆ ಅತ್ತೆ, ನೋಯ್ತೈತೆ" ಎಂದಳು ಯಮುನಾ.

"ಬಿಗಿ ಐತೆ" ಎಂದಳು ಏಕಾಂತಮ್ಮ. ಚಿತ್ರದುರ್ಗದವರೆಗೆ ಬಸ್ಸಿನ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು.

ಆ ವಾರವೇ ಯಮುನಾ ಅಂಗಡಿಯ ಪರದೆ ಬಿಚ್ಚಿ, ಒಗೆದು, ಹೂವಿನ ಬುಟ್ಟಿಗೆ ಹೊದಿಸಲು ಇಟ್ಟುಕೊಂಡಳು. ದುರ್ಗೇಶ ಚಾಪೆಯನ್ನು ಮುಂದಕ್ಕೆ ಎಳೆದುಕೊಂಡ. ಕೆಲವರು ನೋಡಿ ಮುಂದಿನ ಅಂಗಡಿಗೆ ಹೋದರು. ಹೋಗುವವರನ್ನು ಅವನು ಕರೆಯಲಿಲ್ಲ.

ಒಂದು ಬೆಳಗ್ಗೆ ಬಬ್ಬೂರಿನ ಕೆಂಚಣ್ಣ ಬಂದ. ಈ ಸಲ ಮಗನ ಮದುವೆ. ಹೊಸ್ತಿಲಲ್ಲೇ ನಿಂತು ಕಣ್ಣು ಕಿರಿದು ಮಾಡಿದ. "ಇದೇನಪ್ಪ, ಎಡಗೈಯಾಗೆ ಕಟ್ತಿಯ?"

ಮುರುಗಪ್ಪ ಬೀದಿಯ ಕಡೆ ಮುಖ ತಿರುಗಿಸಿದ.

"ಹೂಂ ಕಣಣ್ಣ. ನಿಮ್ಮ ಮಗಳ ಮದುವೆ ಹಾರ ಕಟ್ಟಿದ್ದೂ ಇದೇ ಕೈ. ಅಪ್ಪ ಅಲ್ಲ, ನಾನು. ಅವ್ರು ಚೆನ್ನಾಗವ್ರಾ?"

ಕೆಂಚಣ್ಣ ಆ ಕೈಯನ್ನು ನೋಡಿದ, ಮುರುಗಪ್ಪನ ಬೆನ್ನು ನೋಡಿದ, ಅರ್ಧ ಕಟ್ಟಿದ ಹಾರ ನೋಡಿದ.

"ಚೆನ್ನಾಗವ್ಳೆ. ಬಾಣಂತನಕ್ಕೆ ಬಂದವ್ಳೆ, ಗಂಡು ಮಗು."

"ಹಾರ ಎಷ್ಟುದ್ದ ಇರ್ಲಿ?"

ಕೆಂಚಣ್ಣ ಮುಂದಿನ ಅಂಗಡಿಯ ಕಡೆ ಒಮ್ಮೆ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ. "ನನ್ನ ಮಗ ಎತ್ತರ ಅವ್ನೆ. ಮಂಡಿಗಂಟ ಬರ್ಲಿ."

ಏಕಾಂತಮ್ಮ ಒಳಗಿನಿಂದ ನೆನೆಸಿದ ನಾರು ತಂದು, ಅಭ್ಯಾಸದಂತೆ ಮಗನ ಬಲಗಡೆ ಇಟ್ಟು ಹೋದಳು. ಬಾಗಿಲವರೆಗೆ ಹೋಗಿ ತಿರುಗಿ ನೋಡಿದಳು. ವಾಪಸು ಬಂದು ಅದನ್ನೆತ್ತಿ ಅವನ ಎಡಗಡೆ ಇಟ್ಟಳು.