ಇಸಕ್ಕಿಮುತ್ತುವಿನ ಬಾಯಿಗೆ ಅಕ್ಕಿ

ಹೆಣದ ಗದ್ದಕ್ಕೆ ಕಟ್ಟಿದ್ದ ಬಟ್ಟೆಯನ್ನು ಪೇಚ್ಚಿ ತಾನೇ ಬಿಚ್ಚಿದಳು. ತಮ್ಮ ಇಸಕ್ಕಿಮುತ್ತುವಿನ ಬಾಯಿಗೆ ಅಕ್ಕಿ ಹಾಕಬೇಕಿತ್ತು. ಹೆಣ ಅಂಗಳದಲ್ಲಿತ್ತು, ಮೊರದಲ್ಲಿ ಅಕ್ಕಿಯಿತ್ತು. ಹಾಕಬೇಕಾದವರು ಮಾತ್ರ ಬೇಲಿಯಾಚೆ ನಿಂತಿದ್ದರು.

"ನಮ್ ಕೊಟ್ಟಿಗೆ ಸುಟ್ಟೋನು ಅಕ್ಕಾ. ನಾನ್ ಹೆಂಗ್ ಹಾಕ್ಲಿ?" ಎಂದ ನೆರೆಮನೆಯ ಸುಡಲೈ.

"ಅದಕ್ಕೆ ಜೈಲಲ್ಲಿ ಕೊಳೆತು ಬಂದ್ನಲ್ಲೋ! ಇನ್ನೂ ಎಷ್ಟ್ ಸಲ ಸಾಯ್ಬೇಕು ಅವ್ನು?"

ಅಷ್ಟರಲ್ಲಿ ಬಸ್ಸಿಳಿದು ಒಬ್ಬರು ಬಂದರು. ಜೈಲಿನ ವಾರ್ಡರ್ ಚೆಲ್ಲಯ್ಯ. ಖಾಕಿಯಿಲ್ಲದ ಅವರ ಗುರುತು ಪೇಚ್ಚಿಗೆ ಮೊದಲು ಸಿಗಲೇ ಇಲ್ಲ.

*

ಎಂಥ ಕರ್ಮ ನೋಡಿ, ಹುಚ್ಚು ಹಿಡಿದಿದ್ದ ಇಸಕ್ಕಿಗೆ ವೈದ್ಯರು ಸಿಕ್ಕಿದ್ದು ಜೈಲಿನಲ್ಲಿ. ದಿನಾ ಸಂಜೆ ಚೆಲ್ಲಯ್ಯ ಮಾತ್ರೆ ಕೊಟ್ಟು, "ಬಾಯಿ ಬಿಡು, ನಾಲಿಗೆ ಎತ್ತು" ಎಂದು, ನುಂಗಿದ್ದನ್ನು ನೋಡಿಯೇ ಮುಂದೆ ಹೋಗುತ್ತಿದ್ದರು. ಕಿವಿಯೊಳಗೆ ಬೈಯುತ್ತಿದ್ದ ದನಿಗಳು ಅಡಗಿದವು. ಬಿಡುಗಡೆಯಾದ ಮೇಲೂ ಸಂಜೆಯಾದರೆ ಅವನು ಅಕ್ಕನೆದುರು ಬಾಯಿ ತೆರೆದು ನಿಲ್ಲುತ್ತಿದ್ದ.

ಬಿಡುಗಡೆಯ ದಿನ ಗೇಟಿನಲ್ಲಿ ಕೊಟ್ಟಿದ್ದ ಮಾತ್ರೆ ಮುಗಿಯಿತು. "ಹೊರಗ್ ಹೋದೋನು ನಮ್ಮೋನಲ್ಲಮ್ಮ" ಎಂದರು ಜೈಲಿನವರು. "ಇದೆಲ್ಲ ಇಲ್ಲಿ ಬರಲ್ಲ, ಜೈಲಲ್ಲೇ ಕೇಳು" ಎಂದರು ಊರ ಆಸ್ಪತ್ರೆಯವರು. ಅತ್ತ ದರಿ, ಇತ್ತ ಪುಲಿ. ಪೇಚ್ಚಿ ಅವನ ತೆರೆದ ಬಾಯಿಗೆ ತಾಳೆಬೆಲ್ಲದ ಚೂರು ಇಡತೊಡಗಿದಳು. ಅವನು ಅದನ್ನೂ ನುಂಗಿ ನಾಲಿಗೆ ಎತ್ತಿ ತೋರಿಸುತ್ತಿದ್ದ.

ದನಿಗಳು ಮತ್ತೆ ಬಂದವು. ಕಡೆಗೆ ದಾರಿ ಹುಡುಕಿದವನು ಇಸಕ್ಕಿಯೇ. ಠಾಣೆಯ ಕಿಟಕಿಗೆ ಕಲ್ಲು ಹೊಡೆದು ಎರಡೂ ಕೈ ಚಾಚಿ ನಿಂತ.

"ಹಿಡ್ಕೊಂಡ್ ಹೋಗಿ ಸಾರ್. ಅಲ್ಲಿ ಮಾತ್ರೆ ಕೊಡ್ತಾರೆ."

"ಜೈಲೇನು ನಿಮ್ಮಾವನ ಮನೆಯೇನೋ?" ಎಂದು ಪೊಲೀಸರು ನಕ್ಕು ಅಟ್ಟಿದರು. ಮರುದಿನ ಅವನು ಹೊಳೆಯಲ್ಲಿ ಸಿಕ್ಕಿದ.

*

"ನಾನ್ ಹಾಕ್ಬಹುದಾ ತಾಯಿ?" ಚೆಲ್ಲಯ್ಯ ಕೇಳಿದರು.

"ನೀವಲ್ದೆ ಇನ್ಯಾರ್ ಹಾಕ್ಬೇಕು ಅಯ್ಯಾ? ಅವ್ನು ನಿಮ್ಮ ಹೆಸರು ಹೇಳದ ದಿನ ಇರ್ಲಿಲ್ಲ." ಪೇಚ್ಚಿ ಮೊರವನ್ನು ಅವರತ್ತ ಸರಿಸಿದಳು. "ಮಾತ್ರೆ ಕೇಳೋಕ್ ಬಂದಾಗ ಗೇಟಲ್ಲಿ ನೀವಿದ್ದಿದ್ರೆ..."

"ಇದ್ದಿದ್ರೂ ಏನ್ ಕೊಡ್ತಿದ್ದೆ ತಾಯಿ? ಗೋಡೆಯಾಚೆ ನನ್ ಕೈ ಎಟುಕಲ್ಲ."

ಬೇಲಿಯಾಚೆ ಸುಡಲೈ ಚಪ್ಪಲಿ ಬಿಟ್ಟ.

ಚೆಲ್ಲಯ್ಯ ಮೊರದಿಂದ ಚಿಟಿಕೆ ಅಕ್ಕಿ ತೆಗೆದು ಇಸಕ್ಕಿಯ ಬಾಯಿಗೆ ಹಾಕಿದರು. ಹಾಕಿದವರು ಹಿಂದೆ ಸರಿಯಲಿಲ್ಲ. ಎಷ್ಟೋ ವರ್ಷದ ರೂಢಿ, ಬಗ್ಗಿ ಗದ್ದ ಹಿಡಿದು ಬಾಯೊಳಗೆ ನೋಡುತ್ತ ಕಾದರು.

ಅಕ್ಕಿ ನಾಲಿಗೆಯ ಮೇಲೇ ಇತ್ತು.