ಮೆಂತ್ಯದ ಹೆಲ್ಮೆಟ್ಟು

ಅಪ್ಪ ತೀರಿಕೊಂಡ ಮೇಲೆ ನಮ್ಮವ್ವ ದುರುಗವ್ವ ದಿನಕ್ಕೆ ಒಂದು ಸಲವಾದರೂ ಆಡುವ ಮಾತೊಂದಿತ್ತು. "ನನ್ನ ಗಡಿಗೀನೂ ಒಡದ್ಬಿಡಪಾ, ಒಂದು ಕೆಲಸ ಮುಗೀತೈತಿ."

ನಮ್ಮ ಮಂದಿಯಲ್ಲಿ ಮಣ್ಣಿಗೆ ಹೋದಾಗ ಮಗನಾದವನು ನೀರು ತುಂಬಿದ ಗಡಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಹೆಣದ ಸುತ್ತ ತಿರುಗುತ್ತಾನೆ. ಆಮೇಲೆ ಅದನ್ನು ಬೆನ್ನ ಹಿಂದಕ್ಕೆ ಬಿಟ್ಟು ಒಡೆಯುತ್ತಾನೆ. ಒಡೆದವನು ತಿರುಗಿ ನೋಡುವಂತಿಲ್ಲ, ನೆಟ್ಟಗೆ ಮನೆಗೆ ನಡೆಯಬೇಕು. ಯುಗಾದಿಯಾದ ಮರುವಾರ ನಾನು ಅಪ್ಪನಿಗೆ ಹಾಗೆ ಒಡೆದು ಬಂದಿದ್ದೆ. ಅವತ್ತಿನಿಂದ ಅವ್ವ ತನ್ನ ಸರದಿಗಾಗಿ ಕಾಯುತ್ತಿದ್ದಳು, ಕುಷ್ಟಗಿ ಬಸ್ಸಿಗೆ ಕಾಯುವವರ ಹಾಗೆ, ಗೋಡೆಗೆ ಒರಗಿ, ಸೆರಗು ಹೊದ್ದು.

ಕಾಯುವವಳು ಅವಳು, ಕುದಿಯುವವನು ನಾನು. ಯಲಬುರ್ಗಾದ ಹೈಸ್ಕೂಲಿನಲ್ಲಿ ನಾನು ಗುಮಾಸ್ತ. ಮಧ್ಯಾಹ್ನದ ಗಂಟೆ ಬಾರಿಸುವ ಮೊದಲೇ ನನ್ನ ಕಾಲು ಹೊರಗಿರುತ್ತಿದ್ದವು. ಮನೆ ಬಾಗಿಲಲ್ಲಿ ನಿಂತು ಮೊದಲು ನೋಡುತ್ತಿದ್ದುದು ಅವಳ ಎದೆ ಏರಿಳಿಯುತ್ತಿದೆಯೋ ಇಲ್ಲವೋ ಎಂದು. ಏರಿಳಿಯುತ್ತಿದ್ದರೆ ಸಿಟ್ಟು ಬರುತ್ತಿತ್ತು. ಇಷ್ಟು ಹೆದರಿಸಿದಳಲ್ಲ ಎಂದು. ಅರ್ಧ ರೊಟ್ಟಿ ಮುರಿದು ತಟ್ಟೆ ಸರಿಸುವಳು. ಇಡೀ ಓಣಿಗೆ ಮೆಂತ್ಯದ ಬುಟ್ಟಿ ಮಾಡಿಕೊಟ್ಟ ಕೈ ಅದು. ರದ್ದಿ ಕಾಗದ ನೆನೆಸಿ, ಮೆಂತ್ಯ ಹಾಕಿ ರುಬ್ಬಿ, ಬೋರಲು ಹಾಕಿದ ಗಡಿಗೆಯ ಮೇಲೆ ಮೆತ್ತಿ, ಒಣಗಿದ ಮೇಲೆ ಕಳಚಿದರೆ ರೊಟ್ಟಿ ಇಡುವ ಬುಟ್ಟಿ. ಆ ಕೈ ನಾಲ್ಕು ತಿಂಗಳಿಂದ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಅವಳೂ ಹೋಗಿಬಿಡುತ್ತಾಳೆ ಎಂಬ ಹೆದರಿಕೆ ನನ್ನನ್ನು ಕೂತಲ್ಲಿ ಕೂರಗೊಡುತ್ತಿರಲಿಲ್ಲ.

ಅದು ಎಂಬತ್ಮೂರನೆಯ ಇಸವಿ. ವಿಜ್ಞಾನದ ಮಾಸ್ತರ ಹುಸೇನಬಾಷಾ ಸ್ವಾತಂತ್ರ್ಯ ದಿನಾಚರಣೆಗೆಂದು ಒಂದು ನಾಟಕ ಬರೆದರು. ಬೇರೆ ಗ್ರಹದ ಸಿಪಾಯಿಯೊಬ್ಬ ನಮ್ಮ ಭೂಮಿಯ ನೀರು ದೋಚಲು ಬಂದು, ಬುದ್ಧಿ ಕಲಿತು ವಾಪಸು ಹೋಗುವ ಕತೆ. ಸಿಪಾಯಿಗೆ ಹನ್ನೊಂದು ಮಾತು. ಎಂಟು ವರ್ಷ ಪರದೆ ಎಳೆದವನು ನಾನು. ಆ ಹನ್ನೊಂದು ಮಾತಿಗೆ ಬಾಯಲ್ಲಿ ನೀರೂರಿತು. ಆದರೆ ಡ್ರಿಲ್ ಮಾಸ್ತರ ಕೊಟ್ರಬಸಪ್ಪನಿಗೂ ಊರಿತ್ತು. ಅವನದು ಆರಡಿ ಎತ್ತರ, ಮೇಲೆ ಮೋಟಾರ್ ಸೈಕಲ್ಲು.

ಹುಸೇನಬಾಷಾ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಒಂದು ತಲೆ ಬರೆದರು. ಕಿವಿಯಿಲ್ಲ, ಮೂಗಿಲ್ಲ, ಕಣ್ಣಿನ ಜಾಗದಲ್ಲಿ ಒಂದು ಕರಿ ಪಟ್ಟಿ.

"ಹಿಂಗಿರ್ಬೇಕ್ರಿ ಹೆಲ್ಮೆಟ್ಟು. ಮುಖ ಕಾಣಬಾರ್ದು. ಏಳನೇ ತಾರೀಕು ಐತಾರದೊಳಗ ಯಾರು ತರ್ತೀರೋ ಅವರ ಸಿಪಾಯಿ," ಎಂದರು.

"ನಂದು ಗಾಡೀದು ಐತಲ್ರಿ. ಬಣ್ಣ ಹೊಡದ್ರ ಮುಗೀತು," ಎಂದ ಕೊಟ್ರಬಸಪ್ಪ. ನನ್ನ ಕಡೆ ನೋಡಿ, "ಗುಮಾಸ್ತರು ಏನು, ಫೈಲ್ ಹೊತ್ಕೊಂಡು ಬರ್ತೀರೇನ್ರಿ?" ಎಂದ. ನನ್ನ ಮೈ ಉರಿಯಿತು.

ಅವತ್ತೇ ಸಂಜೆ ಹಳೆಯ ಉತ್ತರ ಪತ್ರಿಕೆಗಳ ಕಟ್ಟೊಂದನ್ನು ಮನೆಗೆ ಹೊತ್ತು ತಂದೆ. ಹೇಗೂ ಸುಡಲು ಹಾಕಿದ ರದ್ದಿ. ಬಕೆಟ್ಟಿನಲ್ಲಿ ನೆನೆಹಾಕಿ ಅವ್ವನಿಗೆ ವಿಷಯ ಹೇಳಿದೆ.

"ಮದಿವಿ ಆಗೋ ವಯಸ್ಸಿನಾಗ ಟೊಪಿಗಿ ಹಾಕ್ಕೊಂಡು ಕುಣೀತಾನಂತ," ಎಂದು ಅವಳು ಗೋಡೆಯ ಕಡೆ ಹೊರಳಿದಳು.

ನಾನೇ ಶುರು ಮಾಡಿದೆ. ಸಂತೆಯಿಂದ ನನ್ನ ತಲೆಯ ಅಳತೆಯ ಹೊಸ ಗಡಿಗೆ ತಂದೆ. ಎರಡು ದಿನ ನೆನೆಯಬೇಕಾದ ಕಾಗದ ಇನ್ನೂ ಒಂದು ರಾತ್ರಿಯಷ್ಟೇ ನೆನೆದಿತ್ತು. ತಡೆಯಲಾಗದೆ ಒರಳಿಗೆ ಹಾಕಿದೆ. ಮೆತ್ತಿದ್ದು ಮೆತ್ತಿದ ಹಾಗೆಯೇ ಜಾರಿ ಕೆಳಗೆ ಬಿತ್ತು. ಮತ್ತೆ ಮೆತ್ತಿದೆ, ಮತ್ತೆ ಬಿತ್ತು. ಗಡಿಗೆಯೇ ಸರಿಯಿಲ್ಲ, ನುಣುಪು ಹೆಚ್ಚಾಯಿತು ಎಂದು ಬೈದೆ.

ಮೂಲೆಯಿಂದ ದನಿ ಬಂತು. "ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ. ಸರಿ ಅತ್ಲಾಗ!"

ಅವ್ವ ಎದ್ದು ಬಂದಿದ್ದಳು. ಅವಳನ್ನು ಎಬ್ಬಿಸಲೆಂದೇ ಕೆಡಿಸಿದೆ ಎಂದು ಹೇಳಿಕೊಳ್ಳುವ ಆಸೆ ನನಗಿದೆ. ಸುಳ್ಳೇಕೆ, ನನಗೆ ನಿಜಕ್ಕೂ ಬರುತ್ತಿರಲಿಲ್ಲ. ಆಕೆ ಗಡಿಗೆಗೆ ಬೂದಿ ಸವರಿದಳು. ಮೆಂತ್ಯವನ್ನು ಬೇರೆಯಾಗಿ ರುಬ್ಬಿ ಲೋಳೆ ಮಾಡಿದಳು. ಕಾಗದದ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, "ಇದೇನು ನುಚ್ಚೇನೋ?" ಎಂದು ನನ್ನನ್ನು ಮತ್ತೆ ಒರಳಿಗೆ ದಬ್ಬಿದಳು. ಕೈ ಒದ್ದೆ ಮಾಡಿಕೊಂಡು ಮೆತ್ತತೊಡಗಿದಾಗ ಅವಳ ಬಳೆ ಸದ್ದು ಮಾಡಿತು. ಅಪ್ಪ ಹೋದ ಮೇಲೂ ಒಂದು ಜೊತೆ ಹಿತ್ತಾಳೆ ಬಳೆ ಅವಳ ಕೈಯಲ್ಲಿ ಉಳಿದಿದ್ದವು. ಆ ಸದ್ದು ಕೇಳಿ ನಾನು ಒರಳಿನ ಮುಂದೆ ತಲೆ ಬಗ್ಗಿಸಿ ಕೂತೆ.

"ಇನ್ನಷ್ಟು ಕೆಳಗ ತೊಗೋ ಯವ್ವಾ. ಗದ್ದದ ಮಟ ಬರ್ಬೇಕು."

"ಬುಟ್ಟಿ ಇಷ್ಟ ಮಾಡೋದು."

"ಇದು ಬುಟ್ಟಿ ಅಲ್ಲ, ಸಿಪಾಯಿ ತಲಿ."

ಬೈಯುತ್ತಲೇ ಗಡಿಗೆಯ ಹೊಟ್ಟೆ ದಾಟಿಸಿ, ಕೊರಳಿನ ತನಕ ಮೆತ್ತಿದಳು.

ಆಮೇಲೆ ಒಣಗಬೇಕು. ಆದರೆ ಅವತ್ತೇ ಜಿಟಿಜಿಟಿ ಮಳೆ ಹಿಡಿಯಿತು. ನಮ್ಮ ಎರೆಹೊಲದ ಸೀಮೆಗೆ ಬೇಡುವಾಗ ಬಾರದ ಮಳೆ, ನನ್ನ ಹೆಲ್ಮೆಟ್ಟಿಗೆ ಮಾತ್ರ ತಪ್ಪದೆ ಬಂತು. ಬುಧವಾರ ಹೊರಗಿಟ್ಟೆ, ಒಳಗೆ ತಂದೆ. ಗುರುವಾರ ಒಲೆಯ ಹತ್ತಿರ ಇಟ್ಟೆ, ಬಿರುಕು ಬಿಟ್ಟೀತೆಂದು ದೂರ ಸರಿಸಿದೆ. ಒಣಗಿತೇ ಎಂದು ಗಳಿಗೆಗೊಮ್ಮೆ ಬೆರಳು ಒತ್ತಿ ಒತ್ತಿ ಸಿಪಾಯಿಯ ಕೆನ್ನೆಗೆ ಸಿಡುಬು ತಂದೆ. ಅವ್ವ ಒದ್ದೆ ಕೈಯಿಂದ ಅವನ್ನು ಮುಚ್ಚುತ್ತಾ, "ತಾಳಿದಾಂವ ಬಾಳ್ಯಾನು ಅಂತಾರ. ನೀ ಬಾಳಾಂವ ಅಲ್ಲ ಬಿಡು," ಎಂದಳು. ಸಾಲೆಯಲ್ಲಿ ಕೊಟ್ರಬಸಪ್ಪ ತನ್ನ ಹೆಲ್ಮೆಟ್ಟಿಗೆ ಎರಡನೆಯ ಕೋಟು ಹೊಡೆದ ಸುದ್ದಿ ಬಂತು. ಹಾಜರಿ ಪುಸ್ತಕದಲ್ಲಿ ಎರಡು ಸಲ ತಪ್ಪು ತಾರೀಕು ಬರೆದೆ.

ಕಣ್ಣಿನ ಪಟ್ಟಿಗೆ ಏನು ಮಾಡುವುದೆಂದು ಒದ್ದಾಡುತ್ತಿದ್ದಾಗ ಅವ್ವ ಟ್ರಂಕು ತೆಗೆದು ಅಪ್ಪನ ಎಕ್ಸರೇ ಹಾಳೆ ಎತ್ತಿ ಕೊಟ್ಟಳು. ಹುಣಸೆಮರದಿಂದ ಬಿದ್ದು ಕೈ ಮುರಿದುಕೊಂಡಾಗ ಗಂಗಾವತಿಯಲ್ಲಿ ತೆಗೆಸಿದ್ದು. ಮೂರು ವರ್ಷದ ಹಿಂದೆ ನಡುಹಗಲು ಕತ್ತಲಾದ ಗ್ರಹಣದ ದಿನ ಓಣಿಯೆಲ್ಲ ಬಾಗಿಲು ಜಡಿದುಕೊಂಡು ಕೂತಿತ್ತು. ಅಪ್ಪ ಒಬ್ಬನೇ ಅಂಗಳದಲ್ಲಿ ನಿಂತು ತನ್ನ ಮುರಿದ ಕೈಯ ಮೂಲಕ ಸೂರ್ಯನನ್ನು ನೋಡಿದ್ದ.

"ಕರ್ರಗೈತಿ, ನೋಡಾಕೂ ಬರ್ತೈತಿ. ನಿಮ್ಮಪ್ಪಗ ನಾಟಕಂದ್ರ ಭಾಳ ಹುಚ್ಚು," ಎಂದಳು ಅವ್ವ.

ಶುಕ್ರವಾರ ಮಧ್ಯಾಹ್ನ ಬಡಿದರೆ ಟಕಟಕ ಎನ್ನುವಷ್ಟು ಒಣಗಿತ್ತು. ಕಳಚಲು ಹೋದೆ. ಬರಲಿಲ್ಲ. ತಿರುವಿದೆ, ಅಲ್ಲಾಡಿಸಿದೆ, ಕಾಲಲ್ಲಿ ಒತ್ತಿ ಹಿಡಿದು ಎಳೆದೆ. ಹೇಗೆ ಬಂದೀತು? ಬುಟ್ಟಿ ಗಡಿಗೆಯ ಅರ್ಧಕ್ಕೆ ನಿಲ್ಲುತ್ತದೆ, ಅದಕ್ಕೇ ಕಳಚುತ್ತದೆ. ನಾವು ಹೊಟ್ಟೆ ದಾಟಿ ಮೆತ್ತಿದ್ದೆವು. ಜೀವಮಾನವಿಡೀ ಬುಟ್ಟಿ ಮಾಡಿದವಳಿಗೆ ಆ ಯೋಚನೆ ಬಂದಿರಲಿಲ್ಲ. ನನಗಂತೂ ಗದ್ದ ಮುಚ್ಚುವ ಚಿಂತೆಯೊಂದೇ.

ಉಳಿದದ್ದು ಒಂದೇ ದಾರಿ. ಒರಳಿನ ಗುಂಡುಕಲ್ಲು ಎತ್ತಿಕೊಂಡು ಬಂದೆ.

"ಏನ್ ಮಾಡ್ತೀ?" ಎಂದಳು ಅವ್ವ.

"ಗಡಿಗಿ ಒಡೀತೀನಿ. ಚೂರು ಚೂರು ಹೊರಗ ತೆಗದ್ರಾತು."

"ಕೈ ತೆಗಿ!"

ಇಷ್ಟು ದೊಡ್ಡ ದನಿ ಅವಳಲ್ಲಿ ಉಳಿದಿದೆಯೆಂದು ನನಗೆ ಗೊತ್ತಿರಲಿಲ್ಲ. ಓಡಿ ಬಂದು ಗಡಿಗೆಯನ್ನು ಹೆಲ್ಮೆಟ್ಟಿನ ಸಮೇತ ಮಡಿಲಿಗೆ ಎಳೆದುಕೊಂಡು ಕೂತುಬಿಟ್ಟಳು.

"ಕುಂಬಾರಗ ವರುಷ, ದೊಣ್ಣಿಗ ನಿಮಿಷ. ಒಡಿಯೋದಂದ್ರ ನಿನಗ ಆಟೇನು?"

"ಇನ್ನೊಂದು ತಂದು ಕೊಡ್ತೀನಿ ಬಿಡು ಯವ್ವಾ. ನಾಡದ ಐತಾರ. ಇನ್ನೂ ಬಣ್ಣ ಆಗ್ಬೇಕು."

"ಬ್ಯಾಡಂದ್ರ ಬ್ಯಾಡ."

ನನ್ನ ತಾಳ್ಮೆ ಕೆಟ್ಟಿತು. "ಗಡಿಗಿ ಒಡದ್ರ ನಾ ಏನ್ ಸಾಯಂಗಿಲ್ಲ! ವಿಜ್ಞಾನದ ನಾಟಕ ಮಾಡಾಕತ್ತೀವಿ ನಾವು, ನೀ ನೋಡಿದ್ರ..."

"ನೀ ಸಾಯ್ತೀ ಅಂತ ಯಾರಂದ್ರೋ?" ಅವಳು ಗಡಿಗೆಯನ್ನು ಇನ್ನಷ್ಟು ಅವಚಿಕೊಂಡಳು. "ಮಗ ಅನ್ನಾಂವ ಗಡಿಗಿ ಒಡಿಯೋದು ಎರಡ ಸಲ. ಒಂದು ಅಪ್ಪಗ, ಒಂದು ಅವ್ವಗ. ಅಪ್ಪಂದು ಆಗೇತಿ."

ಗುಂಡುಕಲ್ಲು ನನ್ನ ಕೈಯಲ್ಲೇ ಇತ್ತು.

"ಮತ್ತ ದಿನಾ ಒಡಿ, ಒಡಿ ಅಂತಿದ್ದೆಲ್ಲ?"

"ಅಂತಿದ್ದೆ. ಬಾಯಿ ಐತಿ, ಅಂತಿದ್ದೆ. ಒಡಿ ಅಂದ್ರ ಒಡದ ಬಿಡ್ತಾರನು?"

ನಾನು ಕಲ್ಲನ್ನು ಕೆಳಗಿಟ್ಟು ಅಲ್ಲೇ ಕುಸಿದು ಕೂತೆ. ನಗು ಬಂತು, ಅದರ ಬೆನ್ನಿಗೆ ಅಳುವೂ ಬಂತು, ಎರಡನ್ನೂ ತಡೆಯಲಿಲ್ಲ. ಅವಳಿಗೆ ಸಾಯುವ ಮನಸ್ಸಿರಲಿಲ್ಲ. ನಾಲ್ಕು ತಿಂಗಳು ನಾನು ಬಾಗಿಲಲ್ಲಿ ನಿಂತು ಎಣಿಸಿದ ಉಸಿರುಗಳು ವ್ಯರ್ಥವಲ್ಲ. ಇವಳಿಗೆ ಬದುಕಬೇಕಾಗಿದೆ. ಇಡೀ ಯಲಬುರ್ಗಾಕ್ಕೆ ಕೂಗಿ ಹೇಳಬೇಕೆನ್ನಿಸುವಷ್ಟು ಸಂತೋಷವಾಯಿತು.

"ಒಡಿಯಂಗಿಲ್ಲ ಬಿಡು. ಸಿಪಾಯಿ ಕೊಟ್ರಬಸಪ್ಪನ ಆಗ್ಲಿ," ಎಂದೆ.

ಅವಳು ಮೂಗು ಒರೆಸಿಕೊಂಡು ಹೆಲ್ಮೆಟ್ಟನ್ನು ತಿರುವಿ ನೋಡಿದಳು. ಅದರ ಬಾಯಿಯನ್ನೂ ನನ್ನ ತಲೆಯನ್ನೂ ಸರದಿಯಂತೆ ನೋಡಿದಳು.

"ಮಳ್ಳ ಅದಿ ನೋಡು. ಗಡಿಗಿ ಹೊರಗ ಬರಲಾರದ ಬಾಯಾಗ ನಿನ್ನ ತಲಿ ಒಳಗ ಹೆಂಗ ಹೊಕ್ಕೈತೋ? ಒಡದಿದ್ರೂ ಕೈಯಾಗ ಹಿಡ್ಕೊಂಡ ಹೋಗ್ಬೇಕಿತ್ತು."

ಅದು ಖರೆ. ಒಂದು ವಾರ ಮನೆ ತಲೆಕೆಳಗು ಮಾಡಿ, ನನ್ನ ತಲೆಯೇ ಹಿಡಿಸದ ಹೆಲ್ಮೆಟ್ಟು ಮಾಡಿಸಿದ್ದೆ.

ಅವಳೇ ಗರಗಸದ ಮುರುಕು ಬ್ಲೇಡು ಹುಡುಕಿ ತಂದಳು. ಹಿಂಬದಿಯಲ್ಲಿ ಕೆಳಗಿನಿಂದ ನೆತ್ತಿಯ ತನಕ ಮೆಲ್ಲಗೆ ಸೀಳಿದಳು. ಇಬ್ಬರೂ ಎರಡು ಕಡೆ ಹಿಡಿದು ಹಿಗ್ಗಿಸಿದಾಗ ಗಡಿಗೆ ಒಂದು ಗೀರೂ ಇಲ್ಲದೆ ಹೊರಗೆ ಬಂತು. ಅದನ್ನು ತೊಳೆದು, ನೀರು ತುಂಬಿ, ಮೂಲೆಯಲ್ಲಿ ಸಿಂಬಿ ಹಾಕಿ ಕೂರಿಸಿದಳು. ಆಮೇಲೆ ದಬ್ಬಳದಿಂದ ಸೀಳಿನ ಅಂಚಿಗೆ ತೂತು ಹಾಕಿದಳು. ನನ್ನ ಬೂಟಿನ ಲೇಸು ಬಿಚ್ಚಿ ಪೋಣಿಸಿದಳು. ತಲೆ ತೂರಿಸಿದ ಮೇಲೆ ಬಿಗಿದು ಕಟ್ಟಿದರಾಯಿತು. ಅದೇ ಬ್ಲೇಡಿನಿಂದ ನಾನು ಮುಂಬದಿಯಲ್ಲಿ ಕಣ್ಣಿನ ಪಟ್ಟಿ ಕೊರೆದು, ಒಳಗಿನಿಂದ ಎಕ್ಸರೇ ಹಾಳೆ ಅಂಟಿಸಿದೆ.

ಶನಿವಾರ ನಸುಕಿನ ಬಸ್ಸಿಗೆ ಕೊಪ್ಪಳಕ್ಕೆ ಹೋಗಿ ಒಂದು ಸಣ್ಣ ಡಬ್ಬಿ ಬೆಳ್ಳಿ ಬಣ್ಣ ತಂದೆ. ನಲ್ಲಿ ಪೈಪಿಗೆ ಹಚ್ಚುತ್ತಾರಲ್ಲ, ಅದು. ಹೆಲ್ಮೆಟ್ಟು ಬಾಯಾರಿದ ಎತ್ತಿನಂತೆ ಬಣ್ಣ ಕುಡಿಯಿತು. ಮುಂದಿನ ಭಾಗಕ್ಕೆ ಎರಡು ಸಲ ಹಚ್ಚುವಷ್ಟರಲ್ಲಿ ಡಬ್ಬಿ ಖಾಲಿ. ಹಿಂದಲೆ ಬೂದು ಬಣ್ಣದ ಬುಟ್ಟಿಯಾಗಿಯೇ ಉಳಿಯಿತು, ನಡುವೆ ಬೂಟಿನ ಲೇಸು.

ಐತಾರ ಕೊಟ್ರಬಸಪ್ಪನ ಹೆಲ್ಮೆಟ್ಟು ಥಳಥಳ ಹೊಳೆಯುತ್ತಿತ್ತು. ಆದರೆ ಅದರ ಕೆಳಗೆ ಅವನ ಗಿರಿಜಾ ಮೀಸೆ ಎದ್ದು ಕಾಣುತ್ತಿತ್ತು. ನನ್ನದನ್ನು ಹಾಕಿಕೊಂಡು ನಿಂತೆ. ಹುಸೇನಬಾಷಾ ನನ್ನ ಸುತ್ತ ಒಂದು ಸುತ್ತು ಬಂದು ಮೂಸಿ ನೋಡಿದರು.

"ಸಿಪಾಯಿ ಬಾಣಂತಿ ಮನಿಂದ ಬಂದಂಗ ಐತಲ್ರಿ," ಎಂದರು. "ಇರ್ಲಿ, ವಾಸನಿ ಮಂದೀಗೆ ಕಾಣಂಗಿಲ್ಲ. ಕನಕಪ್ಪ, ನೀವ ಮಾಡ್ರಿ. ಆದ್ರ ಬೆನ್ನು ಮಾತ್ರ ತೋರಿಸಬ್ಯಾಡ್ರಿ. ಹೋಗುವಾಗ ಹಿಂದಹಿಂದಕ್ಕ ಹೋಗ್ರಿ. ಬ್ಯಾರೆ ಗ್ರಹದವ್ರು ಹಂಗ ನಡೀತಾರ ಅಂದ್ಕೋತಾರ."

ಹದಿನೈದನೆಯ ತಾರೀಕು ಸಂಜೆ, ಇನ್ನೂ ಬಿಸಿಲಿರುವಾಗಲೇ, ಸಾಲೆಯ ಅಂಗಳದಲ್ಲಿ ನಾಟಕ ನಡೆಯಿತು. ಅಪ್ಪ ಹೋದ ಮೇಲೆ ಅವ್ವ ಮೊದಲ ಸಲ ಓಣಿ ದಾಟಿ ಬಂದಿದ್ದಳು. ಪಕ್ಕದ ಮನೆ ಪಕೀರಮ್ಮನ ಜೊತೆ ಮುಂದಿನ ಸಾಲಿನಲ್ಲಿ ನೆಲಕ್ಕೆ ಹಾಸಿದ ತಾಡಪತ್ರಿಯ ಮೇಲೆ ಕೂತಿದ್ದಳು. ಹೆಲ್ಮೆಟ್ಟಿನೊಳಗೆ ಸೆಕೆ, ಮೆಂತ್ಯದ ವಾಸನೆ, ನನ್ನದೇ ಉಸಿರಿನ ಸದ್ದು. ಎಕ್ಸರೇ ಹಾಳೆಯಾಚೆ ಜನವೆಲ್ಲ ಮಸುಕು. ಅಪ್ಪನ ಎಲುಬಿನ ಬಿಳಿ ಗೆರೆಯ ಕೆಳಗೆ ಅವಳೊಬ್ಬಳು ಹೇಗೋ ಕಾಣುತ್ತಿದ್ದಳು. ಹತ್ತು ಮಾತು ಮುಗಿದವು. ಹನ್ನೊಂದನೆಯದು: "ನಿಮ್ಮ ನೀರು ನಿಮಗೇ ಇರಲಿ, ನಾನು ಹೋಗುತ್ತೇನೆ."

ಹೇಳಿ ಹಿಂದಕ್ಕೆ ಹೆಜ್ಜೆ ಇಡತೊಡಗಿದೆ. ಒಂದು, ಎರಡು, ಮೂರು. ಕಣ್ಣು ಅವ್ವನ ಮೇಲೇ ಇತ್ತು. ಜನ ಚಪ್ಪಾಳೆ ಹೊಡೆದರು. ವೇದಿಕೆಯೆಂದು ಕೂಡಿಸಿದ ಮೇಜುಗಳು ಎಲ್ಲಿ ಮುಗಿಯುತ್ತವೆಂಬುದು ನನಗೆ ಮರೆತೇಹೋಗಿತ್ತು.

ಅವ್ವ ಎದ್ದು ನಿಂತಳು. ಇಡೀ ಅಂಗಳಕ್ಕೆ ಕೇಳುವಂತೆ, ಆ ಶುಕ್ರವಾರದ ದನಿಯಲ್ಲಿ ಕೂಗಿದಳು.

"ಕನಕ್ಯಾ, ಬೀಳ್ತೀಯೋ! ಹಿಂದ ತಿರುಗಿ ನೋಡೋ, ನನ್ನ ಮಗನ, ತಿರುಗಿ ನೋಡು!"

ಜನ ಗೊಳ್ಳೆಂದು ನಕ್ಕರು. ಪರದೆಯ ಪಕ್ಕದಲ್ಲಿ ಹುಸೇನಬಾಷಾ ಬ್ಯಾಡ ಬ್ಯಾಡ ಎಂದು ಕೈ ಆಡಿಸುತ್ತಿದ್ದರು. ಅಪ್ಪನ ಗಡಿಗೆ ಒಡೆದ ದಿನ ಹಿರಿಯರೆಲ್ಲ ನನ್ನ ರಟ್ಟೆ ಹಿಡಿದು, ತಿರುಗಬೇಡ, ತಿರುಗಬೇಡ ಎನ್ನುತ್ತ ಮನೆಯ ತನಕ ನಡೆಸಿದ್ದರು. ಅವತ್ತು ನಾನು ಅವರ ಮಾತು ಮೀರಿರಲಿಲ್ಲ.

ಬೂಟಿನ ಲೇಸು, ಬಣ್ಣವಿಲ್ಲದ ಬುಟ್ಟಿ, ಎಲ್ಲವನ್ನೂ ಊರಿಗೆ ತೋರಿಸುತ್ತಾ ನಾನು ತಿರುಗಿ ನೋಡಿದೆ.